ಜಿಂಜ ಅಂದರೆ ಬುದ್ಧನ ಗುಡಿ ಅಲ್ಲ

ಕ್ಯೋತೋದ ಫುಶಿಮಿ ಇನಾರಿಯ ಕೆಂಪು ಕಮಾನುಗಳ ಫೋಟೊ, ಕೆಳಗೆ "ಜಪಾನಿನ ಸುಂದರ ಬೌದ್ಧ ದೇವಾಲಯ". ಈ ತಿಂಗಳಲ್ಲಿ ಇದು ಮೂರನೇ ಸಲ. ಅಲ್ಲಿ ಬುದ್ಧ ಇಲ್ಲ ಮಾರಾಯ್ರೇ! ಅದು ಜಿಂಜ, ಅಂದರೆ ಜಪಾನಿನ ಮೂಲಧರ್ಮವಾದ ಶಿಂತೋದ ದೇವರ ಜಾಗ. ಬುದ್ಧನ ಗುಡಿಗೆ ಅಲ್ಲಿ 'ತೆರ' ಅನ್ನುತ್ತಾರೆ.

ಜಪಾನಿ ಬರಹದಲ್ಲಿ ಜಿಂಜ ಎರಡಕ್ಷರದ ಪದ, ಒಂದೊಂದು ಅಕ್ಷರಕ್ಕೂ ಅದರದೇ ಅರ್ಥ. ಮೊದಲನೆಯದು ದೇವರು. ಅದೇ ಅಕ್ಷರವನ್ನು ಒಂಟಿಯಾಗಿದ್ದರೆ 'ಕಮಿ', ಶಿಂತೋ ಅನ್ನುವ ಪದದಲ್ಲಿ 'ಶಿನ್', ಇಲ್ಲಿ 'ಜಿನ್' ಅಂತ ಓದುತ್ತಾರೆ. ಎರಡನೆಯದು ಒಂಟಿಯಾಗಿದ್ದರೆ 'ಯಾಶಿರೊ'. ಇದನ್ನು 'ಯಾ' ಅಂದರೆ ಮನೆ, 'ಶಿರೊ' ಅಂದರೆ ಅದಕ್ಕೆಂದು ಬಿಟ್ಟ ಜಾಗ ಅಂತ ಬಿಡಿಸುತ್ತಾರೆ. ಹಾಗಾದರೆ ಮೊದಲಿದ್ದದ್ದು ಜಾಗ, ಕಟ್ಟಡ ಆಮೇಲಿನದು. 8ನೇ ಶತಮಾನದ ಜಪಾನಿ ಕವನಗಳಲ್ಲಿ ಇದೇ ಎರಡಕ್ಷರವನ್ನು 'ಮೊರಿ' ಅಂತ ಓದುವುದೂ ಉಂಟು, ಮೊರಿ ಅಂದರೆ ಕಾಡು. ನಾಗಬನಕ್ಕೆ ಹೋಗಿ ಬಂದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ನಾರಾದ ಓಮಿವಾ ಜಿಂಜದಲ್ಲಿ ಇವತ್ತಿಗೂ ಗರ್ಭಗುಡಿಯೇ ಇಲ್ಲ, ಹಿಂದಿರುವ ಮಿವಾ ಬೆಟ್ಟಕ್ಕೇ ಕೈಮುಗಿಯುತ್ತಾರೆ. ಇಂಥದ್ದನ್ನು ಸುಮ್ನೆ 'ದೇವಾಲಯ' ಅಂದುಬಿಟ್ಟರೆ ಅರ್ಧ ಅರ್ಥ ಹೋಯಿತು.

ಗುರುತು ಹಿಡಿಯಲು ಹೆಸರಿನ ಬಾಲ ನೋಡಿದರೆ ಸಾಕು. ಜಿಂಗೂ, ತೈಶ ಅಂತಿದ್ದರೆ ಶಿಂತೋ. ಕಿಂಕಾಕುಜಿಯ 'ಜಿ', ಕಿಯೋಮಿಜುದೆರದ 'ದೆರ' ಬೌದ್ಧರದು. ಜಿಂಜದಲ್ಲಿ ಸಾಮಾನ್ಯವಾಗಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ತೆರದಲ್ಲಿ ಚಪ್ಪಾಳೆ ಇಲ್ಲ, ದಯವಿಟ್ಟು ತಟ್ಟಬೇಡಿ.

"ಕೆಂಪು ಕಮಾನಿದ್ದರೆ ಜಿಂಜ, ಅಷ್ಟೇ ಅಲ್ವಾ?" ಅನ್ನುವವರೂ ಎಡವುತ್ತಾರೆ. ಆ ಕಮಾನಿಗೆ ತೋರಿಇ ಅಂತ ಹೆಸರು. ಐಚಿ ಪ್ರಾಂತ್ಯದ ತೊಯೊಕಾವ ಇನಾರಿಯಲ್ಲಿ ತೋರಿಇ ಇದೆ, ಫುಶಿಮಿಯಂತೆಯೇ ನರಿಗಳ ಕಲ್ಲಿನ ಮೂರ್ತಿಗಳಿವೆ, ಆದರೆ ಅದು ಝೆನ್ ಬೌದ್ಧರ ಗುಡಿ, ಅಲ್ಲಿ ಪೂಜೆ ದಾಕಿನಿತೆನ್‌ಗೆ. ನಮ್ಮ ಡಾಕಿನಿಯೇ ಚೀನಾ ದಾಟಿ ಅಲ್ಲಿಗೆ ಹೋದವಳು. ಬುದ್ಧನೂ ಕಮಿಗಳೂ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಒಂದೇ ಅಂಗಳದಲ್ಲಿ ಇದ್ದವರು, ಬೇರೆ ಬೇರೆ ಮಾಡಿ ಅಂತ ಸರ್ಕಾರದ ಆಜ್ಞೆ ಬಂದದ್ದು 1868ರಲ್ಲಿ, ಮೇಜಿ ಚಕ್ರವರ್ತಿಯ ಕಾಲದಲ್ಲಿ. ಗೊಂದಲಕ್ಕೆ ಕಾರಣ ಇದೆ, ಒಪ್ಪೋಣ. ಫುಶಿಮಿಯಲ್ಲಿ ಮಾತ್ರ ಆ ನೆಪ ನಡೆಯುವುದಿಲ್ಲ.

ಅಂದಹಾಗೆ ಅಲ್ಲಿನ ನರಿ ದೇವರಲ್ಲ, ಭತ್ತದ ದೇವರಾದ ಇನಾರಿಯ ದೂತ. ಆಮೇಲೆ ವ್ಯಾಪಾರದವರೂ ಇನಾರಿಯನ್ನು ಹಿಡಿದುಕೊಂಡರು, ಹರಕೆಗೆ ಒಂದೊಂದು ಕಮಾನು ಕೊಟ್ಟರು. ಫುಶಿಮಿಯ ಬೆಟ್ಟ ಇಳಿಯುವಾಗ ಕಮಾನುಗಳ ಕಂಬಗಳ ಹಿಂಬದಿಯಲ್ಲಿ ಕಾಣುವ ಕಪ್ಪು ಬರಹವನ್ನು ಮಂತ್ರ ಅಂದುಕೊಂಡು ಫೋಟೊ ಹೊಡೆಯುತ್ತಾರಲ್ಲ, ಅದು ದಾನಿಗಳ ಹೆಸರು ಮತ್ತು ತಾರೀಖು. ನಮ್ಮ ಗುಡಿಗಳ ಟ್ಯೂಬ್‌ಲೈಟ್ ಮೇಲೆ ಇರುತ್ತದಲ್ಲ, ಹಾಗೆ.