ಪೀನಟ್ ಬಟರ್ ಉಂಡೆಯ ಮೇಲಿನ ಚಾಕೊಲೇಟ್ ಮರುದಿನ ಬೆಳ್ಳಗಾಗುವುದೇಕೆ?

ಓದುಗರ ಪ್ರಶ್ನೆ: ಪೀನಟ್ ಬಟರ್ ಉಂಡೆ ಕಟ್ಟಿ, ಕರಗಿಸಿದ ಚಾಕೊಲೇಟ್‌ನಲ್ಲಿ ಅದ್ದಿ ಫ್ರಿಜ್‌ನಲ್ಲಿಟ್ಟೆ. ತೆಗೆದಾಗ ಚೆನ್ನಾಗಿಯೇ ಇತ್ತು. ಅರ್ಧ ಗಂಟೆಯೊಳಗೆ ಕೈಗೆ ಮೆತ್ತಿಕೊಳ್ಳತೊಡಗಿತು. ಮರುದಿನ ಮೇಲೆಲ್ಲ ಬೂಷ್ಟು ಹಿಡಿದ ಹಾಗೆ ಬಿಳಿ ಬಿಳಿ. ಚಾಕೊಲೇಟೇ ಕೆಟ್ಟದ್ದೋ, ಮಾಡಿದ ರೀತಿ ತಪ್ಪೋ?

ಉತ್ತರ: ಅದು ಬೂಷ್ಟಲ್ಲ, ಚಾಕೊಲೇಟ್ ಕೆಟ್ಟಿಲ್ಲ, ಧಾರಾಳವಾಗಿ ತಿನ್ನಬಹುದು. ಚಾಕೊಲೇಟ್ ಕರಗಿದೆ, ಆದರೆ ಹದಕ್ಕೆ ಬಂದಿಲ್ಲ. ಬಹುಪಾಲು ಉಂಡೆಗಳು ಕೆಡುವುದು ಈ ಒಂದೇ ಕಾರಣಕ್ಕೆ. ಒಳಗಿನ ಕಡಲೆಬೀಜದ ಎಣ್ಣೆಯೂ ಫ್ರಿಜ್ಜಿನ ತೇವವೂ ಅದಕ್ಕೆ ಕೈಜೋಡಿಸುತ್ತವೆ.

ನಿಮ್ಮ ಉಂಡೆಗೆ ಆಗಿದ್ದೇನು ಅಂತ ಮೊದಲು ಬೆರಳಿನಲ್ಲೇ ನೋಡಿಕೊಳ್ಳಿ. ಬಿಳಿ ಜಾಗವನ್ನು ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ. ಬಿಸಿಗೆ ಕರಗಿ, ಜಿಡ್ಡಾಗಿ ಮಾಯವಾದರೆ ಅದು ಕೊಬ್ಬು, ಅಂದರೆ ಚಾಕೊಲೇಟಿನೊಳಗಿನ ಕೋಕೋ ಬಟರ್ ಮೇಲಕ್ಕೆ ಬಂದಿದೆ. ಉಜ್ಜಿದರೂ ಹೋಗದೆ ಸಣ್ಣ ರವೆಯಂತೆ ತರಿತರಿಯಾಗಿ ಸಿಕ್ಕರೆ ಅದು ಸಕ್ಕರೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಚಾಕೊಲೇಟಿನ ಮೇಲೆ ಗಾಳಿಯ ತೇವ ಹನಿಗಟ್ಟಿ, ಸಕ್ಕರೆಯನ್ನು ಕರಗಿಸಿ, ಆಮೇಲೆ ಒಣಗಿದಾಗ ಉಳಿದ ಪುಡಿ. ನೀವು ಹೇಳುವಂತೆ ಅರ್ಧ ಗಂಟೆಗೇ ಕೈಗೆ ಮೆತ್ತಿಕೊಂಡಿದ್ದರೆ ನಿಮ್ಮದು ಬಹುಮಟ್ಟಿಗೆ ಮೊದಲನೆಯದು.

ಹದ ಅಂದರೆ ಏನು ಎನ್ನುವುದಕ್ಕೆ ತುಪ್ಪ ನೆನಪಿಸಿಕೊಳ್ಳಿ. ಒಂದೇ ಬೆಣ್ಣೆ ಕಾಯಿಸಿದ ತುಪ್ಪ. ನಿಧಾನವಾಗಿ ಆರಿದರೆ ಮರಳು ಮರಳಾಗಿ ಹರಳುಗಟ್ಟುತ್ತದೆ, ಫ್ರಿಜ್‌ನಲ್ಲಿ ಬೇಗ ತಣಿಸಿದರೆ ನುಣ್ಣಗೆ ಗಟ್ಟಿಯಾಗುತ್ತದೆ. ಕೋಕೋ ಬಟರ್ ಇದಕ್ಕಿಂತ ಸೂಕ್ಷ್ಮ. ಅದು ಆರು ಬಗೆಯ ಹರಳಾಗಬಲ್ಲದು. ಒಂದೊಂದು ಬಗೆ ಒಂದೊಂದು ಶಾಖಕ್ಕೆ ಕರಗುತ್ತದೆ. ನಮಗೆ ಬೇಕಾದದ್ದು ಐದನೆಯ ಬಗೆ. ಅದು ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಕೈಯಲ್ಲಿ ನಿಲ್ಲುತ್ತದೆ, ಬಾಯಲ್ಲಿ ಕರಗುತ್ತದೆ. ಮುರಿದರೆ ಟಕ್ಕೆನ್ನುವುದೂ ಮಿರುಗುವುದೂ ಅದೇ. ಅಂಗಡಿಯಿಂದ ತಂದ ಬಾರ್ ಈ ಹದದಲ್ಲೇ ಇರುತ್ತದೆ. ನೀವು ಕರಗಿಸಿದ ಕ್ಷಣ ಆ ಹರಳುಗಳೆಲ್ಲ ಹೋದವು. ಹಾಗೇ ಆರಲು ಬಿಟ್ಟರೆ 28 ಡಿಗ್ರಿ ದಾಟುವ ಮೊದಲೇ ಕರಗುವ ಕೆಳಬಗೆಯ ಹರಳುಗಳು ಕಟ್ಟಿಕೊಳ್ಳುತ್ತವೆ. ಬೆಂಗಳೂರಿನ ಸಾಧಾರಣ ಮಧ್ಯಾಹ್ನಕ್ಕೇ ಅವು ಮೆತ್ತಗಾಗುತ್ತವೆ, ಕ್ರಮೇಣ ಬೇರೆ ಬಗೆಗೆ ತಿರುಗುತ್ತ ಮೇಲ್ಮೈಗೆ ಬಂದು ಬಿಳಿಯಾಗಿ ಕಾಣಿಸುತ್ತವೆ.

ಈ ಮಿಠಾಯಿಯ ತವರಿನವರೂ ಇದೇ ಕಷ್ಟಪಟ್ಟವರು. ಅಮೆರಿಕದ ಒಹಾಯೋ ರಾಜ್ಯದಲ್ಲಿ ಇದರ ಹೆಸರು ಬಕ್‌ಐ. ಅದೇ ಹೆಸರಿನ ಮರವೊಂದು ಅಲ್ಲಿದೆ, 1953ರಿಂದ ಅದು ಒಹಾಯೋದ ರಾಜ್ಯವೃಕ್ಷ. ಅದರ ಬೀಜ ಹೊಳೆಯುವ ಕಡುಗಂದು, ಮೇಲೊಂದು ತಿಳಿಬಣ್ಣದ ಬೊಟ್ಟು, ನೋಡಲು ಜಿಂಕೆಯ ಕಣ್ಣಿನ ಹಾಗೆ. ಬೀಜ ವಿಷ, ತಿನ್ನುವ ಹಾಗಿಲ್ಲ. ಅದರ ರೂಪಕ್ಕೆ ಹೋಲುವಂತೆ ಪೀನಟ್ ಬಟರ್ ಉಂಡೆಯನ್ನು ನೆತ್ತಿಯಷ್ಟೇ ಬಿಟ್ಟು ಚಾಕೊಲೇಟಿನಲ್ಲಿ ಅದ್ದುತ್ತಾರೆ. ಅಲ್ಲಿನ ಹಳೆಯ ಮನೆಪಾಕಗಳಲ್ಲಿ ಚಾಕೊಲೇಟಿನ ಜೊತೆ ತಿನ್ನಲು ಯೋಗ್ಯವಾದ ಪ್ಯಾರಾಫಿನ್ ಮೇಣದ ತುಂಡೂ ಇರುತ್ತಿತ್ತು. ಹದ ಮಾಡುವ ತಾಪತ್ರಯವಿಲ್ಲದೆ ಹೊಳಪೂ ಗಟ್ಟಿತನವೂ ಬರಲಿ ಎಂದು. ಈಗ ಮೇಣದ ಜಾಗಕ್ಕೆ ಶಾರ್ಟನಿಂಗ್, ಅಂದರೆ ವನಸ್ಪತಿಯಂಥ ಗಟ್ಟಿ ಕೊಬ್ಬು, ಹಾಕುವವರೇ ಹೆಚ್ಚು. ನಮಗೆ ಎರಡೂ ಬೇಡ, ಬಾಯಲ್ಲಿ ಮೇಣದ ಪದರ ಉಳಿಯುವ ಚಾಕೊಲೇಟಿಗಿಂತ ಹತ್ತು ನಿಮಿಷ ಕೈಯಾಡಿಸುವುದು ಮೇಲು. ಮೇಣದಬತ್ತಿಯ ಮೇಣವನ್ನಂತೂ ಯಾವ ಕಾರಣಕ್ಕೂ ಹಾಕಬೇಡಿ.

ಚಾಕೊಲೇಟಿಗೆ ಮುಂಚೆ ಹೂರಣ ನೋಡೋಣ. ಅಲ್ಲಿ ತಪ್ಪಿದರೆ ಮೇಲೆ ಎಷ್ಟು ಹದ ಮಾಡಿದರೂ ವ್ಯರ್ಥ. ಸುಮಾರು 38 ಉಂಡೆಗೆ 250 ಗ್ರಾಂ ನುಣ್ಣನೆಯ ಪೀನಟ್ ಬಟರ್, 60 ಗ್ರಾಂ ಉಪ್ಪಿಲ್ಲದ ಬೆಣ್ಣೆ, 275 ಗ್ರಾಂ ಐಸಿಂಗ್ ಶುಗರ್, ಕಾಲು ಚಮಚ ಉಪ್ಪು, ಅರ್ಧ ಚಮಚ ವೆನಿಲ್ಲಾ ಎಸೆನ್ಸ್. ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಕರಗಿಸಿ ಹಾಕಿದರೆ ಹೂರಣ ಜಿಡ್ಡು ಜಿಡ್ಡಾಗುತ್ತದೆ. ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಂಡರೂ ನಡೆಯುತ್ತದೆ, ಆದರೆ ತೆಳ್ಳನೆಯ ಬಟ್ಟೆಯಲ್ಲಿ ಸೋಸದಿದ್ದರೆ ಹಲ್ಲಿಗೆ ತರಿ ಸಿಗುತ್ತದೆ. ಅಂಗಡಿಯ ಐಸಿಂಗ್ ಶುಗರ್‌ನಲ್ಲಿ ಸ್ವಲ್ಪ ಜೋಳದ ಪಿಷ್ಟ ಬೆರೆತಿರುವುದರಿಂದ ಅದು ಜಿಡ್ಡನ್ನು ಒಂಚೂರು ಹೆಚ್ಚು ಹೀರುತ್ತದೆ. ಮನೆಯ ಪುಡಿಗೆ ಎರಡು ಚಮಚ ಕಾರ್ನ್‌ಫ್ಲೋರ್ ಸೇರಿಸಿಕೊಳ್ಳಿ.

ಕಡಲೆಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಆ ಎಣ್ಣೆ ಮನೆಯ ಶಾಖದಲ್ಲಿ ಗಟ್ಟಿಯಾಗುವುದಿಲ್ಲ. ಚಾಕೊಲೇಟಿನೊಳಕ್ಕೆ ಮೆಲ್ಲಗೆ ಜಿನುಗಿ ಕೋಕೋ ಬಟರನ್ನು ಮೆತ್ತಗೆ ಮಾಡುತ್ತದೆ, ಜೊತೆಗೆ ಅದನ್ನು ಹೊರಕ್ಕೆ ಎಳೆದು ತರುತ್ತದೆ. ವಾರದ ನಂತರ ಬೆಳ್ಳಗಾಗುವ ಉಂಡೆಗಳ ಕಥೆ ಇದು. ಡಬ್ಬಿಯ ಪೀನಟ್ ಬಟರ್‌ಗಳಲ್ಲಿ ಹಲವಕ್ಕೆ ಎಣ್ಣೆ ತೇಲದಂತೆ ಗಟ್ಟಿ ಕೊಬ್ಬು ಬೆರೆಸಿರುತ್ತಾರೆ, ಅಂಥದ್ದು ಈ ಕೆಲಸಕ್ಕೆ ಅನುಕೂಲ. ಬರೀ ಕಡಲೆಬೀಜ ಅರೆದದ್ದು, ಅಥವಾ ಮನೆಯಲ್ಲೇ ಮಾಡಿದ್ದಾದರೆ ಮೊದಲು ತಳದಿಂದ ಚೆನ್ನಾಗಿ ಕಲಸಿ. ಬೆಣ್ಣೆಯನ್ನು 30 ಗ್ರಾಂಗೆ ಇಳಿಸಿ, 30 ಗ್ರಾಂ ಕೋಕೋ ಬಟರ್ ಕರಗಿಸಿ ಹಾಕಿ, ಎರಡು ಮೂರು ದೊಡ್ಡ ಚಮಚ ಹಾಲಿನ ಪುಡಿ ಸೇರಿಸಿ. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿ ಊರಿನಲ್ಲಿ ಎಚ್. ಬಿ. ರೀಸ್ 1928ರಲ್ಲಿ ಶುರುಮಾಡಿದ ಪೀನಟ್ ಬಟರ್ ಕಪ್ ತಿಂದವರಿಗೆ ಗೊತ್ತಿರುತ್ತದೆ, ಅದರ ಒಳಗೆ ಇರುವುದು ಪೇಸ್ಟ್ ಅಲ್ಲ, ಉದುರುದುರಾದ ಹೂರಣ. ಒಣಗಿದಷ್ಟೂ ಎಣ್ಣೆ ಬಿಡುವುದು ಕಡಿಮೆ.

ಮನೆಯಲ್ಲೇ ಅರೆಯುವವರು ಬೀಜ ಆರಿಸುವುದರಲ್ಲಿ ಸೋಮಾರಿತನ ಮಾಡಬಾರದು. ಸುಕ್ಕಾದದ್ದು, ಕಪ್ಪಾದದ್ದು, ಬೂಷ್ಟಿನ ವಾಸನೆ ಬರುವುದು ಒಂದನ್ನೂ ಬಿಡದೆ ಆರಿಸಿ ಎಸೆಯಿರಿ. ಅಂಥ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಬಸವನಗುಡಿ ಪರಿಷೆಯಿಂದ ತಂದ ಹಸಿ ಕಡಲೆಕಾಯಿಯನ್ನು ಸುಲಿದು ಬೀಜ ಗಲಗಲ ಅನ್ನುವಷ್ಟು ಒಣಗಿಸಿದ ಮೇಲೆಯೇ ಹುರಿಯಬೇಕು. ಸಣ್ಣ ಉರಿಯಲ್ಲಿ, ಸಿಪ್ಪೆ ತಾನಾಗಿ ಬಿಡುವವರೆಗೆ ಹುರಿದು, ಪೂರ್ತಿ ಆರಿಸಿ, ಕೇರಿ, ಮಿಕ್ಸಿಗೆ ಹಾಕಿ. ಮೊದಲು ಪುಡಿ, ಆಮೇಲೆ ಜಾರಿನ ಗೋಡೆಗೆ ಅಂಟುವ ಮುದ್ದೆ, ಕೊನೆಗೆ ತಾನೇ ಎಣ್ಣೆ ಬಿಟ್ಟು ಜಾರುವ ಪೇಸ್ಟ್. ನಡುನಡುವೆ ನಿಲ್ಲಿಸಿ ಕೆರೆದು ತಿರುಗಿಸಿದರೆ ಐದರಿಂದ ಎಂಟು ನಿಮಿಷ. ಮುದ್ದೆಯಾದಾಗ ಅವಸರಪಟ್ಟು ನೀರು ಹಾಕಿದರೆ ಮುಗಿಯಿತು, ಅದು ಚಟ್ನಿ.

ಹೂರಣ ಸರಿಯಾಯಿತೇ ಅಂತ ತಿಳಿಯಲು ಒಂದು ಉಂಡೆ ಕಟ್ಟಿ ಟಿಶ್ಯೂ ಕಾಗದದ ಮೇಲೆ ಹತ್ತು ನಿಮಿಷ ಇಡಿ. ಎತ್ತಿದಾಗ ಕಾಗದದಲ್ಲಿ ದುಂಡಗೆ ಎಣ್ಣೆ ಕಲೆ ಕಂಡರೆ ಇನ್ನೊಂದು ಚಮಚ ಹಾಲಿನ ಪುಡಿ ಅಥವಾ ಸಕ್ಕರೆ ಪುಡಿ ಬೇಕು. ಉಂಡೆ ಬಿರಿದರೆ ಒಂದು ಚಮಚ ಪೀನಟ್ ಬಟರ್. 15 ಗ್ರಾಂ ತೂಕಕ್ಕೆ, ಬೆಟ್ಟದ ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಕಟ್ಟಿ ಬಟರ್ ಪೇಪರ್ ಮೇಲೆ ಜೋಡಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಅದ್ದುವ ಮುಂಚೆ ಮಾತ್ರ ಹತ್ತು ಹದಿನೈದು ನಿಮಿಷ ಹೊರಗಿಡಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಫ್ರೀಜರ್‌ನಿಂದ ತೆಗೆದು ಕಲ್ಲಿನಂತಿರುವ ಉಂಡೆಯನ್ನು ಅದ್ದಿದರೆ ಚಾಕೊಲೇಟ್ ಮುಟ್ಟಿದೊಡನೆ ಗಟ್ಟಿಯಾಗುತ್ತದೆ, ನೋಡಲು ಸೊಗಸು. ಆದರೆ ಅಷ್ಟು ಬೇಗ ತಣಿದಾಗ ಕಟ್ಟುವುದು ಅದೇ ಕೆಳಬಗೆಯ ಹರಳು. ಜೊತೆಗೆ ಒಳಗಿನ ಉಂಡೆ ಬೆಚ್ಚಗಾಗುತ್ತ ಹಿಗ್ಗಿದಂತೆ ಮೇಲಿನ ಪದರ ಬಿರಿದು, ಬಿರುಕಿನಿಂದ ಎಣ್ಣೆ ಜಿನುಗುತ್ತದೆ.

ಈಗ ಹದ. 300 ಗ್ರಾಂ ಡಾರ್ಕ್ ಚಾಕೊಲೇಟ್ ಸಣ್ಣಗೆ ಹೆಚ್ಚಿ, 100 ಗ್ರಾಂ ಪಕ್ಕಕ್ಕಿಡಿ. ಉಳಿದ 200 ಗ್ರಾಂ ಒಣ ಪಾತ್ರೆಯಲ್ಲಿ ಹಾಕಿ, ಕುದಿಸಿ ಒಲೆ ಆರಿಸಿದ ನೀರಿನ ಪಾತ್ರೆಯ ಮೇಲಿಡಿ. ಮೇಲಿನ ಪಾತ್ರೆಯ ತಳ ನೀರಿಗೆ ತಾಗಬಾರದು. 45ರಿಂದ 48 ಡಿಗ್ರಿಗೆ ಎಲ್ಲವೂ ಕರಗುತ್ತದೆ. ಕೆಳಗಿಳಿಸಿ ಪಾತ್ರೆಯ ತಳವನ್ನು ಒರೆಸಿ. ಪಕ್ಕಕ್ಕಿಟ್ಟ 100 ಗ್ರಾಂ ಅನ್ನು ಮೂರು ಸಲಕ್ಕೆ ಹಾಕುತ್ತ ಬಿಡದೆ ಕೈಯಾಡಿಸಿ. ಈ ಚೂರುಗಳಲ್ಲಿ ಒಳ್ಳೆಯ ಹರಳು ಇನ್ನೂ ಇದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅದು ಮಿಕ್ಕದ್ದನ್ನೂ ತನ್ನ ಹದಕ್ಕೆ ತರುತ್ತದೆ. ಹಾಗಾಗಿ ಹೆಪ್ಪಿಗೆ ಇಡುವ ಚಾಕೊಲೇಟ್ ಹೊಳೆಯುವಂಥದ್ದೇ ಆಗಿರಬೇಕು, ಆಗಲೇ ಬೆಳ್ಳಗಾದ ಹಳೆಯ ಬಾರ್ ಬರುವುದಿಲ್ಲ. 31ರಿಂದ 32 ಡಿಗ್ರಿಗೆ ಇಳಿದಾಗ ನಿಲ್ಲಿಸಿ, ಕರಗದ ಚೂರುಗಳಿದ್ದರೆ ತೆಗೆದುಬಿಡಿ. ಮಿಲ್ಕ್ ಚಾಕೊಲೇಟ್ ಆದರೆ 40ರಿಂದ 43ಕ್ಕೆ ಕರಗಿಸಿ 29ರಿಂದ 30ಕ್ಕೆ ಇಳಿಸಿ.

ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಕೆಲಸ ಸುಲಭ, ಕೊಳ್ಳುವಂಥ ವಸ್ತುವೇ. ಇಲ್ಲದಿದ್ದರೆ ಒಂದು ತೊಟ್ಟನ್ನು ಕೆಳದುಟಿಗೆ ತಾಗಿಸಿ ನೋಡಿ, ತುಸು ತಣ್ಣಗೆನಿಸಬೇಕು. ಹೇಗಿದ್ದರೂ ಚಾಕುವಿನ ಪರೀಕ್ಷೆ ತಪ್ಪಿಸಬೇಡಿ. ಚಾಕುವಿನ ತುದಿ ಅದ್ದಿ ತಂಪು ಜಾಗದಲ್ಲಿಡಿ. ಮೂರರಿಂದ ಐದು ನಿಮಿಷದಲ್ಲಿ ಅಂಚಿನಿಂದ ಹೊಳಪು ಇಳಿಯುತ್ತ, ರೇಷ್ಮೆಯಂಥ ಮಿರುಗು ಉಳಿದು, ಬೆರಳು ತಾಗಿಸಿದರೆ ಗುರುತು ಬೀಳದಂತೆ ಗಟ್ಟಿಯಾದರೆ ಹದ ಬಂತು. ಹಸಿಯಾಗೇ ಉಳಿದರೆ, ಗೆರೆಗೆರೆಯಾಗಿ ಒಣಗಿದರೆ ಬಂದಿಲ್ಲ. ಇನ್ನಷ್ಟು ಚೂರು ಹಾಕಿ ಕೈಯಾಡಿಸಿ.

ಟೂತ್‌ಪಿಕ್ ಅನ್ನು ಉಂಡೆಯ ನೆತ್ತಿಗೆ ಅರ್ಧದವರೆಗೆ ಚುಚ್ಚಿ, ಓರೆಯಾಗಿ ಇಳಿಸಿ ತಿರುಗಿಸಿ ಎತ್ತಿ. ಪಾತ್ರೆಯ ಅಂಚಿಗೆ ಎರಡು ಸಲ ತಟ್ಟಿದರೆ ಹೆಚ್ಚಿನದು ಇಳಿಯುತ್ತದೆ. ತಳವನ್ನು ಅಂಚಿಗೆ ಸವರಿ ಬಟರ್ ಪೇಪರ್ ಮೇಲೆ ಕೂರಿಸಿ, ಕಡ್ಡಿಯನ್ನು ಸ್ವಲ್ಪ ತಿರುಗಿಸುತ್ತ ಎಳೆಯಿರಿ. ಉಳಿದ ತೂತನ್ನು ಬೆರಳಿನಿಂದ ಮೆಲ್ಲಗೆ ಸವರಿದರೆ ಮುಚ್ಚಿಹೋಗುತ್ತದೆ. ನಡುವೆ ಚಾಕೊಲೇಟ್ ದಪ್ಪಗಾದರೆ ಬಿಸಿ ನೀರಿನ ಪಾತ್ರೆಯ ಮೇಲೆ ಐದೇ ಸೆಕೆಂಡು ಹಿಡಿದು ಕೈಯಾಡಿಸಿ. ಡಾರ್ಕ್ ಚಾಕೊಲೇಟ್ 34 ಡಿಗ್ರಿ ದಾಟಿತೋ, ಹದ ಹೋಯಿತು, ಮೊದಲಿಂದ ಶುರು. ತೆಳ್ಳಗಾಗಲೆಂದು ಹಾಲು, ನೀರು ಸೇರಿಸಬೇಡಿ. ಒಂದು ಚಮಚ ನೀರು ಬಿದ್ದರೂ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಇಡೀ ಪಾತ್ರೆ ಹಿಟ್ಟಿನ ಮುದ್ದೆಯಾಗುತ್ತದೆ. ಹಾಗಾದದ್ದನ್ನು ಬಿಸಿ ಹಾಲು ಬೆರೆಸಿ ಸಾಸ್ ಮಾಡಿಕೊಳ್ಳಬಹುದು, ಅದ್ದಲು ಬಾರದು. ಕೊಬ್ಬರಿ ಎಣ್ಣೆ ಹಾಕಿದರೆ ತೆಳ್ಳಗೇನೋ ಆಗುತ್ತದೆ, ಆದರೆ ಕೋಕೋ ಬಟರ್ ಜೊತೆ ಅದು ಹೊಂದುವುದಿಲ್ಲ, ಪದರ ಮೆತ್ತಗಾಗುತ್ತದೆ. ತೆಳ್ಳಗೆ ಬೇಕೇ ಬೇಕೆಂದರೆ ಒಂದು ಚಮಚ ಕೋಕೋ ಬಟರ್.

ಅದ್ದಿದ ಮೇಲೆ ಕೋಣೆ 20ರಿಂದ 22 ಡಿಗ್ರಿ ಇದ್ದರೆ ಹಾಗೇ ಬಿಡಿ, ಕಾಲು ಗಂಟೆ ಸಾಕು. ಅದಕ್ಕಿಂತ ಬಿಸಿಯಿದ್ದರೆ ಹತ್ತು ನಿಮಿಷ ಮಾತ್ರ ಫ್ರಿಜ್. ಚಾಕೊಲೇಟ್ ಗಟ್ಟಿಯಾಗುವಾಗ ತಾನೇ ಸ್ವಲ್ಪ ಶಾಖ ಬಿಡುತ್ತದೆ, ಸೆಕೆಯ ಕೋಣೆಯಲ್ಲಿ ಆ ಶಾಖವೇ ಹದ ಕೆಡಿಸೀತು. ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಟ್ಟರೆ ತೇವ ಕಟ್ಟುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಇದು ಎರಡು ಪಟ್ಟು ಕಷ್ಟ.

ಏಪ್ರಿಲ್‌ನ ಕಲಬುರಗಿ, ರಾಯಚೂರಿನಲ್ಲಿ ಎಷ್ಟೇ ಹದ ಮಾಡಿದರೂ ಅಸಲಿ ಚಾಕೊಲೇಟ್ ಹೊರಗೆ ನಿಲ್ಲುವುದಿಲ್ಲ. ಅಲ್ಲಿಗೆ ಕಾಂಪೌಂಡ್ ಚಾಕೊಲೇಟೇ ಸರಿ. ಅದರಲ್ಲಿ ಕೋಕೋ ಬಟರ್ ಬದಲು ಬೇರೆ ಗಟ್ಟಿ ಕೊಬ್ಬು ಇರುತ್ತದೆ, ಹದ ಬೇಕಿಲ್ಲ, 40ರಿಂದ 45 ಡಿಗ್ರಿಗೆ ಕರಗಿಸಿ ನೇರ ಅದ್ದಬಹುದು. ರುಚಿ ಒಂದು ಮೆಟ್ಟಿಲು ಕಡಿಮೆ. ಯಾವುದು ಕೊಂಡಿದ್ದೀರಿ ಎಂದು ಪೊಟ್ಟಣದ ಹಿಂದೆ ಓದಿ: ಕೋಕೋ ಬಟರ್ ಎಂದಿದ್ದರೆ ಅಸಲಿ, ಹೈಡ್ರೋಜನೇಟೆಡ್ ವೆಜಿಟಬಲ್ ಫ್ಯಾಟ್ ಎಂದಿದ್ದರೆ ಕಾಂಪೌಂಡ್. ಎರಡನ್ನೂ ಬೆರೆಸಿ ಕರಗಿಸಬೇಡಿ. ಒಂದರ ಕೊಬ್ಬು ಇನ್ನೊಂದನ್ನು ಮೆತ್ತಗೆ ಮಾಡಿ, ಎರಡರ ಗುಣವೂ ಕೆಡುತ್ತದೆ. ಚಾಕೊಲೇಟ್ ಚಿಪ್ಸ್ ಕೂಡ ಅದ್ದಲು ಹೇಳಿಮಾಡಿಸಿದ್ದಲ್ಲ. ಕುಕೀಯಲ್ಲಿ ಆಕಾರ ಬಿಡದೆ ನಿಲ್ಲಲೆಂದು ಮಾಡಿದ್ದರಿಂದ ಕರಗಿದರೂ ದಪ್ಪ.

ಗಟ್ಟಿಯಾದ ಉಂಡೆಗಳನ್ನು ಗಾಳಿಯಾಡದ ಡಬ್ಬದಲ್ಲಿ, ಮನೆಯ ತಂಪು ಮೂಲೆಯಲ್ಲಿಡಿ. ಎರಡು ವಾರ ಚೆನ್ನಾಗಿರುತ್ತವೆ. ಫ್ರಿಜ್‌ನಲ್ಲೇ ಇಡಬೇಕಾದರೆ ಡಬ್ಬವನ್ನು ಇನ್ನೊಂದು ಕವರಿನಲ್ಲಿ ಸುತ್ತಿಡಿ. ಹೊರತೆಗೆದ ಮೇಲೆ ಒಂದು ಗಂಟೆ ಮುಚ್ಚಳ ತೆರೆಯದೆ ಬಿಟ್ಟರೆ ತೇವ ಡಬ್ಬದ ಹೊರಮೈಗೆ ಕಟ್ಟುತ್ತದೆ, ಉಂಡೆಗಲ್ಲ. ಬೇರೆಯವರಿಗೆ ಕೊಡುವಾಗ ಕಡಲೆಬೀಜ ಇದೆ ಎಂದು ಬಾಯಿಬಿಟ್ಟು ಹೇಳಿ, ಅಲರ್ಜಿ ಇರುವವರಿಗೆ ಒಂದು ತುಣುಕೂ ಅಪಾಯ.

ಈಗಾಗಲೇ ಬೆಳ್ಳಗಾದ ನಿಮ್ಮ ಉಂಡೆಗಳ ಚಾಕೊಲೇಟನ್ನು ಮತ್ತೆ ಹದ ಮಾಡಲಾಗದು, ಎಣ್ಣೆ ಬೆರೆತುಹೋಗಿದೆ. ಹೆಚ್ಚಿ ಐಸ್‌ಕ್ರೀಮ್ ಮೇಲೆ ಉದುರಿಸಿ, ಬ್ರೌನಿ ಹಿಟ್ಟಿಗೆ ಬೆರೆಸಿ. ಇನ್ನು ಮುಂದೆ ಅದ್ದಿ ಮಿಕ್ಕ ಚಾಕೊಲೇಟನ್ನು ಎಸೆಯಬೇಡಿ. ಹೂರಣದ ಚೂರು ಬಿದ್ದಿರದಿದ್ದರೆ ಬಟರ್ ಪೇಪರ್ ಮೇಲೆ ಹರಡಿ ಗಟ್ಟಿ ಮಾಡಿಡಿ. ಹೊಳಪಿನಿಂದ ಗಟ್ಟಿಯಾದರೆ ಮುಂದಿನ ಸಲದ ಹೆಪ್ಪು ಅದೇ.