ಹುಟ್ಟಿದಾಗ ಚೆನ್ನಾಗಿದ್ದ ಮಗು ಮಾರನೇ ದಿನ ನೀಲಿಯಾಗಿದ್ದು ಯಾಕೆ?

ಪ್ರಶ್ನೆ: ತಂಗಿಯ ಮಗು ಹುಟ್ಟುತ್ತಲೇ ಜೋರಾಗಿ ಅತ್ತಿತು. ತೂಕ 3 ಕೆಜಿ. ಮಾರನೇ ದಿನ ತುಟಿ, ಉಗುರು ನೀಲಿ. ಆಕ್ಸಿಜನ್ ಕೊಟ್ಟರೂ ಬಣ್ಣ ತಿರುಗಲಿಲ್ಲ. ಹೃದಯದ ದೊಡ್ಡ ರಕ್ತನಾಳಗಳು ಅದಲುಬದಲಾಗಿವೆ ಅಂದರು ಡಾಕ್ಟರು. ಒಂದೇ ರಾತ್ರಿಯಲ್ಲಿ ಹೀಗಾಗುತ್ತಾ?

ಉತ್ತರ: ಒಂದು ರಾತ್ರಿಯಲ್ಲಿ ಆಗಿದ್ದಲ್ಲ. ಬಸಿರಿನ ಮೊದಲ ಎರಡು ತಿಂಗಳಲ್ಲೇ ಹೃದಯದ ರೂಪ ತಯಾರಾಗಿಬಿಡುತ್ತದೆ. ಗ್ರಹಣ ನೋಡಿದ್ದಳು, ಅದು ಇದು ತಿಂದಿದ್ದಳು ಅಂತ ಯಾರಾದರೂ ನಿಮ್ಮ ತಂಗಿಯನ್ನು ಸುಮ್ನೆ ಕಾಡುತ್ತಿದ್ದರೆ, ಮೊದಲು ಅವರ ಬಾಯಿ ಮುಚ್ಚಿಸಿ.

ಶ್ವಾಸಕೋಶಕ್ಕೆ ಹೋಗುವ ನಾಳ ಹೃದಯದ ಬಲಗಡೆಯಿಂದ ಹೊರಡಬೇಕು, ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿ ಎಡಗಡೆಯಿಂದ. ಈ ಮಗುವಿನಲ್ಲಿ ಅವು ಜಾಗ ಬದಲಿಸಿವೆ. ಆಕ್ಸಿಜನ್ ತುಂಬಿಕೊಂಡ ರಕ್ತ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಮೈಯಿಂದ ಬಂದದ್ದು ಮೈಗೇ. ಮೂಗಿಗೆ ಎಷ್ಟು ಆಕ್ಸಿಜನ್ ಹಿಡಿದರೂ ಬಣ್ಣ ಬಾರದ್ದು ಇದಕ್ಕೇ.

ಹೊಟ್ಟೆಯಲ್ಲಿದ್ದಾಗ ಆಕ್ಸಿಜನ್ ಕೊಡುತ್ತಿದ್ದದ್ದು ಮಾಸು, ಹಾಗಾಗಿ ತೊಂದರೆ ಇರಲಿಲ್ಲ. ಹುಟ್ಟಿದ ಮೇಲೂ ಎರಡು ನಾಳಗಳ ನಡುವಿನ ಪುಟ್ಟ ಕೊಂಡಿ ಒಂದೆರಡು ದಿನ ತೆರೆದಿರುತ್ತದೆ. ಅಲ್ಲಿ ರಕ್ತ ಅಷ್ಟಿಷ್ಟು ಬೆರೆಯುತ್ತದೆ. ಆಮೇಲೆ ಅದು ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ನಿಮ್ಮ ತಂಗಿಯ ಮಗು ನೀಲಿಯಾಗಿದ್ದು ಆಗಲೇ.

ಅದಕ್ಕೇ ಡಾಕ್ಟರು ಮೊದಲು ಪ್ರೊಸ್ಟಾಗ್ಲಾಂಡಿನ್ ಡ್ರಿಪ್ ಹಾಕಿ ಆ ಕೊಂಡಿಯನ್ನು ತೆರೆದಿಡುತ್ತಾರೆ. ಈ ಔಷಧಿಯಿಂದ ಕೆಲವು ಮಕ್ಕಳ ಉಸಿರೇ ನಿಂತುಬಿಡುವುದುಂಟು, ಹಾಗಾಗಿ ಪಕ್ಕದಲ್ಲಿ ವೆಂಟಿಲೇಟರ್ ಇರಬೇಕು. ಅಷ್ಟು ಸಾಲದಿದ್ದರೆ ಸಣ್ಣ ಬಲೂನನ್ನು ರಕ್ತನಾಳದ ಮೂಲಕ ಹೃದಯಕ್ಕೆ ಒಯ್ದು, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯ ರಂಧ್ರವನ್ನು ಎಳೆದು ದೊಡ್ಡದು ಮಾಡುತ್ತಾರೆ. 1966ರಲ್ಲಿ ಅಮೆರಿಕದ ಡಾಕ್ಟರ್ ವಿಲಿಯಂ ರಾಶ್ಕಿಂಡ್ ತೋರಿಸಿಕೊಟ್ಟ ದಾರಿ ಇದು.

ನಿಜವಾದ ರಿಪೇರಿ ಆಪರೇಷನ್. ಎರಡೂ ನಾಳಗಳನ್ನು ಕತ್ತರಿಸಿ, ಅದಲುಬದಲು ಮಾಡಿ ಹೊಲಿಯುತ್ತಾರೆ. 1975ರಲ್ಲಿ ಬ್ರೆಜಿಲ್‌ನ ಸರ್ಜನ್ ಅಡಿಬ್ ಜಟೆನೆ ಇದನ್ನು ಮೊದಲ ಬಾರಿ ಯಶಸ್ವಿಯಾಗಿ ಮಾಡಿದರು. ಕಷ್ಟ ಇರುವುದು ದೊಡ್ಡ ನಾಳಗಳಲ್ಲಲ್ಲ. ಹೃದಯಕ್ಕೇ ರಕ್ತ ಕೊಡುವ ಎರಡು ಕೊರೊನರಿ ನಾಳಗಳಿವೆ, ದಾರದಷ್ಟು ಸಣ್ಣವು. ಅವುಗಳ ಬುಡದ ಸುತ್ತಲಿನ ಗೋಡೆಯನ್ನೂ ಅಂಗಿ ಗುಂಡಿಯ ಹಾಗೆ ದುಂಡಗೆ ಸೇರಿಸಿ ಬಿಡಿಸಿ, ಹೊಸ ಜಾಗಕ್ಕೆ ಕೂರಿಸಬೇಕು. ಸ್ವಲ್ಪ ತಿರುಚಿದರೂ ಹೃದಯಕ್ಕೆ ರಕ್ತ ಇಲ್ಲ.

ಮಗು ದೊಡ್ಡದಾಗಲಿ, ಆಮೇಲೆ ಮಾಡಿಸೋಣ ಅನ್ನಬೇಡಿ. ಶ್ವಾಸಕೋಶಕ್ಕೆ ಮಾತ್ರ ರಕ್ತ ನೂಕುತ್ತಾ ಎಡಕೋಣೆಯ ಸ್ನಾಯು ಸೊರಗುತ್ತದೆ, ಆಪರೇಷನ್ ಆದಮೇಲೆ ಮೈಗೆಲ್ಲ ರಕ್ತ ನೂಕಲು ಅದಕ್ಕೆ ಬಲ ಸಾಲದು. ಸಾಮಾನ್ಯವಾಗಿ ಮೊದಲ ಎರಡು ಮೂರು ವಾರದೊಳಗೇ ಮಾಡುತ್ತಾರೆ. ಆಮೇಲೂ ಜೀವನಪೂರ್ತಿ ಆಗಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಿರಬೇಕು.

ಮನೆಯಲ್ಲಿ ಇನ್ನೊಬ್ಬರ ಹೆರಿಗೆ ಇದ್ದರೆ, ಡಿಸ್ಚಾರ್ಜ್‌ಗೆ ಮೊದಲು ಮಗುವಿನ ಬಲಗೈ ಮತ್ತು ಒಂದು ಪಾದಕ್ಕೆ ಪಲ್ಸ್ ಆಕ್ಸಿಮೀಟರ್ (ರಕ್ತದ ಆಕ್ಸಿಜನ್ ಅಳೆಯುವ ಸಾಧನ) ಹಾಕಿ ನೋಡಲು ಹೇಳಿ. ಆಕ್ಸಿಜನ್ ಶೇಕಡಾ 95ಕ್ಕಿಂತ ಕಡಿಮೆ ತೋರಿಸಿದರೆ ಮನೆಗೆ ಹೊರಡಬೇಡಿ.