ಹೋಗಲಿ ಪಾಪ, ಕೊಟ್ಟುಬಿಡು

"ಕೇಳಿದಾಗಲೆಲ್ಲ ಮೊಬೈಲ್ ಕೊಡುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ ಮೇಡಂ. ತೀರಾ ರಚ್ಚೆ ಹಿಡಿದಾಗ, ಎಂದಾದರೊಮ್ಮೆ ಕೊಡುತ್ತೇವೆ, ಅಷ್ಟೇ."

ಮಕ್ಕಳ ಹಠದ ಬಗ್ಗೆ ಕೇಳಲು ನನ್ನ ಬಳಿ ಬರುವ ತಂದೆತಾಯಂದಿರು ಈ ಮಾತನ್ನು ಸಮಾಧಾನದಿಂದಲೇ ಹೇಳುತ್ತಾರೆ. ತಾವು ಬಿಗಿಯಾಗಿದ್ದೇವೆ ಎಂಬುದಕ್ಕೆ ಅದೇ ಸಾಕ್ಷಿ ಎಂದು ಅವರ ಎಣಿಕೆ. ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿ ಹದಿನೆಂಟು ವರ್ಷ ಕಳೆದರೂ ಈ ಮಾತು ಕಿವಿಗೆ ಬಿದ್ದರೆ ನನ್ನ ತಾಳ್ಮೆ ತಪ್ಪುತ್ತದೆ. ಆ ಮನೆಯ ತೊಂದರೆಯ ಬೇರು ಇರುವುದೇ ಆ 'ಎಂದಾದರೊಮ್ಮೆ'ಯಲ್ಲಿ.

ಪಾವ್ಲೋವನ ನಾಯಿಯ ಕಥೆಯನ್ನು ಇಲ್ಲಿ ಹೇಳುವುದಿಲ್ಲ, ಬಿ.ಇಡಿ. ಓದಿದವರು ಮನೆಗೊಬ್ಬರಿದ್ದಾರೆ. ಫಲ ಸಿಕ್ಕ ನಡತೆ ಮರುಕಳಿಸುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲದಿರುವುದು ಇಷ್ಟು: ಪ್ರತಿ ಸಲವೂ ಫಲ ಸಿಕ್ಕು ಕಲಿತದ್ದು, ಫಲ ನಿಂತರೆ ಬೇಗ ಬಿಟ್ಟುಹೋಗುತ್ತದೆ. ಕೆಲವೊಮ್ಮೆ ಸಿಕ್ಕು, ಕೆಲವೊಮ್ಮೆ ಸಿಗದೆ ಕಲಿತದ್ದು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಈ ದಾರಿ ಹಿಡಿದದ್ದು ಕೊರತೆಯಿಂದ. ಸನ್ನೆಗೋಲು ಒತ್ತಿದ ಇಲಿಗೆ ಕೊಡಬೇಕಾದ ಆಹಾರದ ಗುಳಿಗೆಗಳನ್ನು ಆತನೇ ಕುಳಿತು ತಯಾರಿಸಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ಲೆಕ್ಕ ಹಾಕಿದರೆ ಸೋಮವಾರ ಬೆಳಿಗ್ಗೆಗೆ ದಾಸ್ತಾನು ಮುಗಿದುಹೋಗುವಂತಿತ್ತು. ಪ್ರತಿ ಒತ್ತಿಗೂ ಕೊಡುವುದನ್ನು ಬಿಟ್ಟು, ನಿಮಿಷಕ್ಕೊಂದರಂತೆ ಕೊಡತೊಡಗಿದ. ಇಲಿಗಳು ಬೇಸತ್ತು ಕೈಬಿಡಲಿಲ್ಲ; ಒತ್ತುತ್ತಲೇ ಹೋದವು. ಫಲವನ್ನು ಎಷ್ಟು ಸಲಕ್ಕೊಮ್ಮೆ, ಎಷ್ಟು ಹೊತ್ತಿಗೊಮ್ಮೆ ಕೊಟ್ಟರೆ ನಡತೆ ಹೇಗೆ ಬದಲಾಗುತ್ತದೆ ಎಂಬ ದೊಡ್ಡ ಅಧ್ಯಯನವನ್ನು ಚಾರ್ಲ್ಸ್ ಫರ್ಸ್ಟರ್ ಜೊತೆಗೂಡಿ ಆತ 1957ರಲ್ಲಿ ಪ್ರಕಟಿಸಿದ. ಪಠ್ಯಪುಸ್ತಕಗಳು ಇದನ್ನು ಪುನರ್ಬಲನದ, ಅಂದರೆ ಫಲ ಕೊಟ್ಟು ನಡತೆಯನ್ನು ಗಟ್ಟಿಗೊಳಿಸುವುದರ, ಅಧ್ಯಾಯದಲ್ಲಿ ಒಂದು ಕೋಷ್ಟಕ ಮಾಡಿ ಮುಗಿಸಿಬಿಡುತ್ತವೆ.

ನಾನು ಇದನ್ನು ಅರಿತದ್ದು ನಮ್ಮ ಮನೆಯಲ್ಲಿ. ಅಪ್ಪ ತಿಂಡಿಗೆ ಕುಳಿತಾಗ ನಮ್ಮ ನಾಯಿ ಕುರ್ಚಿಯ ಪಕ್ಕದಲ್ಲಿ ಬಂದು ಕೂರುತ್ತಿತ್ತು. ಮನಸ್ಸು ಬಂದ ದಿನ ಅಪ್ಪ ದೋಸೆಯ ಅಂಚನ್ನು ಮುರಿದು ಹಾಕುತ್ತಿದ್ದರು. ಉಳಿದ ದಿನ ಗದರಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ತಿಂಗಳುಗಟ್ಟಲೆ, ಸರಿಯಾಗಿ ತಿಂಡಿಯ ಹೊತ್ತಿಗೆ, ಅದು ಆ ಖಾಲಿ ಕುರ್ಚಿಯ ಬಳಿ ಕೂರುತ್ತಿತ್ತು. ಅಮ್ಮ ಅದನ್ನು ಪ್ರೀತಿ ಎಂದಳು. ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ದೋಸೆ ಸಿಗದ ದಿನಗಳು ಅದಕ್ಕೆ ಹೊಸದಾಗಿರಲಿಲ್ಲ. ಇಂದು ಇಲ್ಲದಿದ್ದರೆ ನಾಳೆ ಎಂದು ಕಾಯುವುದನ್ನು ಅದು ಚೆನ್ನಾಗಿ ಕಲಿತಿತ್ತು.

ಈಗ ಮಗುವಿನ ವಿಷಯಕ್ಕೆ ಬರೋಣ. ಸೋಮವಾರ ಮಗು ಹತ್ತು ನಿಮಿಷ ಅತ್ತಿತು, ನೀವು ಕೊಡಲಿಲ್ಲ. ಮಂಗಳವಾರ ಇಪ್ಪತ್ತು ನಿಮಿಷ ಅತ್ತಿತು, ನೆಂಟರು ಬಂದಿದ್ದರು, "ಹೋಗಲಿ ಪಾಪ" ಎಂದು ಕೊಟ್ಟಿರಿ. ನಿಮ್ಮ ಲೆಕ್ಕದಲ್ಲಿ ಎರಡು ದಿನಗಳಲ್ಲಿ ಒಂದು ದಿನ ಗೆದ್ದಿದ್ದೀರಿ. ಮಗುವಿನ ಲೆಕ್ಕವೇ ಬೇರೆ: ಹತ್ತು ನಿಮಿಷ ಸಾಲದು, ಇಪ್ಪತ್ತು ನಿಮಿಷ ಅಳಬೇಕು, ನೆಂಟರಿದ್ದರೆ ಇನ್ನೂ ಒಳ್ಳೆಯದು. ಮಗು ಕುತಂತ್ರ ಮಾಡುತ್ತಿದೆ ಎಂದು ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ. ಅದು ಕೂತು ಯೋಚಿಸಿದ್ದಲ್ಲ. ಬ್ಯಾಟರಿ ಇಳಿದ ಟಿ.ವಿ. ರಿಮೋಟನ್ನು ನಾವು ಅಂಗೈಗೆ ತಟ್ಟುತ್ತೇವಲ್ಲ, ಹಾಗೆಯೇ ಇದು. ಹಿಂದೆ ಯಾವಾಗಲೋ ತಟ್ಟಿದಾಗ ಕೆಲಸ ಮಾಡಿದೆ. ಅದಕ್ಕೇ ಈಗಲೂ ತಟ್ಟುತ್ತೇವೆ, ಮಾಡದಿದ್ದರೆ ಇನ್ನಷ್ಟು ಜೋರಾಗಿ ತಟ್ಟುತ್ತೇವೆ.

ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಕೊಡುವುದಾದರೆ ಮೊದಲ ಸಲ ಕೇಳಿದಾಗಲೇ ನಗುತ್ತಾ ಕೊಡಿ. ಕೊಡುವುದಿಲ್ಲ ಎಂದ ಮೇಲೆ ಅಳುವಿಗೆ ಕೊಡಬೇಡಿ. ಕೊನೆಯವರೆಗೆ ನಿಲ್ಲಲಾರಿರಿ ಎಂದು ನಿಮಗೇ ಅನ್ನಿಸಿದರೆ 'ಇಲ್ಲ' ಎನ್ನಲೇಬೇಡಿ. ಹೀಗೆಂದಾಗ ತಂದೆತಾಯಂದಿರು ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ. ಆದರೂ ಅಳಿಸಿ ಕೊಡುವುದಕ್ಕಿಂತ ಕೇಳಿದ ಕೂಡಲೇ ಕೊಡುವುದು ಎಷ್ಟೋ ಮೇಲು.

ಫಲವನ್ನು ಪೂರ್ತಿ ನಿಲ್ಲಿಸಿದಾಗ ಮೊದಮೊದಲು ಅಳು ಹೆಚ್ಚಬಹುದು. ಆರುವ ದೀಪಕ್ಕೆ ಕಾಂತಿ ಹೆಚ್ಚು. ಮೂರನೆಯ ದಿನ "ನೀವು ಹೇಳಿದಂತೆ ಮಾಡಿ ಇನ್ನೂ ಕೆಟ್ಟಿತು" ಎಂದು ಫೋನ್ ಬರುತ್ತದೆ. ಆ ದಿನವೇ ಸೋತು ಕೊಟ್ಟರೆ, ಹಿಂದೆಂದೂ ಇಲ್ಲದಷ್ಟು ದೊಡ್ಡ ಅಳುವಿಗೆ ಫಲ ಕೊಟ್ಟಂತಾಗುತ್ತದೆ.

1959ರಲ್ಲಿ ಸಿ.ಡಿ. ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞ ಬರೆದ ಪುಟ್ಟ ವರದಿಯೊಂದನ್ನು ನಾನು ಆಗಾಗ ಓದುತ್ತೇನೆ. ಸುಮಾರು 21 ತಿಂಗಳ ಮಗು. ಮೊದಲ ಹದಿನೆಂಟು ತಿಂಗಳಲ್ಲಿ ಬಹುಪಾಲು ಕಾಯಿಲೆಯಲ್ಲೇ ಕಳೆದಿದ್ದರಿಂದ ಮನೆಯವರು ಸದಾ ಪಕ್ಕದಲ್ಲಿರುತ್ತಿದ್ದರು. ಗುಣವಾದ ಮೇಲೂ ಮಲಗಿಸಿ ಎದ್ದರೆ ಸಾಕು, ಅಳು. ವೈದ್ಯರು ಭಯವಿಲ್ಲ ಎಂದ ಮೇಲೆ, ಮಲಗಿಸಿ ಹೊರಬಂದು ಮತ್ತೆ ಒಳಗೆ ಹೋಗದಿರುವುದೆಂದು ನಿಶ್ಚಯಿಸಿದರು. ಮೊದಲ ದಿನ 45 ನಿಮಿಷ ಅತ್ತಿತು. ಹತ್ತನೆಯ ಸಲದ ಹೊತ್ತಿಗೆ ಅಳು ನಿಂತಿತ್ತು. ಸುಮಾರು ಒಂದು ವಾರದ ಬಳಿಕ ಅದರ ಅತ್ತೆಯೋ ಚಿಕ್ಕಮ್ಮನೋ ಮಲಗಿಸಿದಾಗ ಮಗು ಅತ್ತಿತು. ಆಕೆ ಮನಸ್ಸು ತಡೆಯದೆ ಒಳಗೆ ಹೋದಳು. ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಎರಡನೆಯ ಸಲವೂ ಅಳು ನಿಂತಿತು, ಮುಂದಿನ ಎರಡು ವರ್ಷ ಮರಳಲಿಲ್ಲ.

ನಮ್ಮ ಮನೆಗಳಲ್ಲಿ ಆ ಪಾತ್ರ ಅಜ್ಜಿಯದು. ಅದಕ್ಕೇ ನಾನು ಅಜ್ಜಿಯನ್ನೂ ಕರೆತರಲು ಹೇಳುತ್ತೇನೆ. ಅರಸೀಕೆರೆ ಕಡೆಯ ಅಜ್ಜಿಯೊಬ್ಬರು ನನ್ನ ಮೇಜಿನ ಮೇಲೆ ಕೈಯಿಟ್ಟು, "ಮಗು ಅತ್ತರೆ ನನ್ನ ಹೊಟ್ಟೆ ಕಿವುಚಿದಂತಾಗುತ್ತದಮ್ಮಾ, ನಾನೇನು ಮಾಡಲಿ?" ಎಂದರು. ಅವರನ್ನು ತಪ್ಪಿತಸ್ಥರ ಹಾಗೆ ನೋಡುವುದು ನನ್ನಿಂದಾಗಲಿಲ್ಲ. ಮೊಮ್ಮಗ ಅಳದೆ ಆಡುತ್ತಿರುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೆಕಾಯಿ ಸುಲಿಯಿರಿ, ಕಥೆ ಹೇಳಿ, ಅತ್ತಾಗ ಮಾತ್ರ ಎದ್ದುಹೋಗಿ ಎಂದೆ.

ಆ ಮನೆಯಲ್ಲಿ ಆರು ವರ್ಷದ ಅಕ್ಕನೂ ಇದ್ದಳು. ಹಠವೆಂದರೇನೆಂದು ತಿಳಿಯದಿದ್ದ ಹುಡುಗಿ ತಮ್ಮನಂತೆಯೇ ನೆಲಕ್ಕೆ ಬಿದ್ದು ಹೊರಳತೊಡಗಿದ್ದಳು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1965ರಲ್ಲಿ ಮಕ್ಕಳಿಗೆ ಚಲನಚಿತ್ರವೊಂದನ್ನು ತೋರಿಸಿ ಕಂಡುಕೊಂಡದ್ದು ಇದನ್ನೇ. ಚಿತ್ರದಲ್ಲಿ ಗೊಂಬೆಯನ್ನು ಹೊಡೆದವನಿಗೆ ಶಿಕ್ಷೆಯಾದುದನ್ನು ಕಂಡ ಮಕ್ಕಳು ಅವನನ್ನು ಕಡಿಮೆ ಅನುಕರಿಸಿದರು. ಆದರೆ ಕಂಡದ್ದನ್ನು ಮಾಡಿ ತೋರಿಸಿದರೆ ಹಣ್ಣಿನ ರಸ, ಅಂಟುಚಿತ್ರ ಕೊಡುತ್ತೇವೆ ಎಂದಾಗ ಅವರೂ ಉಳಿದವರಷ್ಟೇ ಮಾಡಿ ತೋರಿಸಿದರು. ಬಾಗಿಲ ಬಳಿ ನಿಂತು ನೋಡಿದ ಮಗುವೂ ಕಲಿತಿರುತ್ತದೆ.

ಎಲ್ಲ ಅಳುವೂ ಹಠವಲ್ಲ. ಕಿವಿನೋವು, ಹಸಿವು, ನಿದ್ದೆ, ಭಯ, ಶಾಲೆಯಲ್ಲಾದ ಏನೋ ಒಂದು ಇರಬಹುದು. ಎಳೆಗೂಸು ಅತ್ತರೆ ಎತ್ತಿಕೊಳ್ಳಲೇಬೇಕು. ಅಳುತ್ತಾ ಉಸಿರು ಕಟ್ಟಿ ನೀಲಿಯಾಗುವ ಮಗುವನ್ನು ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಕಬ್ಬಿಣಾಂಶದ ಕೊರತೆಯೂ ಅದಕ್ಕೆ ಕಾರಣವಾಗಬಹುದು. ಮಾತು ತಡವಾದ ಮಕ್ಕಳ ಅಳುವನ್ನು ಬೇರೆಯಾಗಿಯೇ ಪರಿಶೀಲಿಸಬೇಕಾಗುತ್ತದೆ.

ಆ ಅಜ್ಜಿ ತಿಂಗಳ ಬಳಿಕ ಮತ್ತೆ ಬಂದರು. "ನಾಲ್ಕನೆಯ ದಿನ ಬಹಳ ಅತ್ತನಮ್ಮಾ. ಕೇಳಿಸಿಕೊಳ್ಳಲಾರದೆ ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಹತ್ತಿರ ನಿಂತುಕೊಂಡೆ. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಳ್ಳುತ್ತಾ ಅವನೇ ಬಂದ. ಮೊಬೈಲ್ ಕೇಳಲಿಲ್ಲ. 'ಅಜ್ಜೀ, ಏನು ಮಾಡುತ್ತಿದ್ದೀಯಾ?' ಎಂದ. ಸಾರಿಗೆ ಕರಿಬೇವು ಕೀಳುತ್ತಿದ್ದೇನೆ ಎಂದೆ. ಇಬ್ಬರೂ ಕಿತ್ತುಕೊಂಡು ಒಳಗೆ ಬಂದೆವು."